ಖಾಲಿ ಖೋಲಿ ರೆಕಾರ್ಡಿಂಗು

ನಮ್ಮ ಮನ್ಯಾಗ ಎಲ್ಲಾರೂ ಬಾಯಿ ಮುಚ್ಚಿದ್ರೂ ಏನರ ಒಂದು ಸದ್ದು ಇರ್ತದ. ಅದು ನನಗ ಗೊತ್ತಾಗಿದ್ದು ಮೈಕ್ ಹಚ್ಚಿದ ಮ್ಯಾಲೆ. ಸ್ಟೇಜ್ ಹತ್ತಿದ್ರ ನನ್ನ ಬಾಯಾಗ ಮಾತು ಬರಂಗಿಲ್ಲ. ಅದಕ್ಕ ಕನ್ನಡ ಸರ್ ಅಂದ್ರು: "ಕತಿ ಮನ್ಯಾಗ ಕಂಪ್ಯೂಟರಿನಾಗ ಓದಿ ಕಳಸವಾ, ಪ್ರಾರ್ಥನಾ ಆದಮ್ಯಾಲೆ ಹಚ್ತೀನಿ. ಗದ್ದಲ ಇದ್ರ ಮಾತ್ರ ನೀನ ಬಂದು ಓದಬೇಕು ನೋಡು."

೧. ಗುಂಯ್

ಮೊದಲನೇ ಸಲ ನನ್ನ ದನಿಗಿಂತ ಜೋರು ಗುಂಯ್ ಅಂತ ಬಂತು. ಫ್ಯಾನ್ ಆರಿಸಿದೆ. ರಾಯಚೂರು ಬಿಸಲಾಗ ಫ್ಯಾನ್ ನಿಂತದ್ದಕ್ಕ "ಕರೆಂಟ್ ಹೋತೇನು" ಅಂತ ಎಲ್ಲಾರೂ ಅಂಗಳಕ್ಕ ಬಂದ್ರು, ಸದ್ದು ಮಾತ್ರ ಹೋಗಲಿಲ್ಲ. ಸಿಪಿಯು ಡಬ್ಬಿ ಮುಟ್ಟಿದೆ. ಕೈ ಜುಂ ಅಂತು, ಗುಂಯ್ ನಿಂತ್ತು. ಕೈ ತಗದೆ, ಮತ್ತ ಗುಂಯ್.

"ಹಂಗಾದ್ರ ಮುಟಗೊಂಡ ಓದಲೇ," ಅಂದ ಅಣ್ಣ.

ಓದಿದೆ. ರಾಜಕುಮಾರಿ ಸ್ವಯಂವರದಾಗ ಮಾಲಿ ಹಾಕೋ ಹೊತ್ತಿಗೆ "ಯವ್ವಾ" ಅಂದುಬಿಟ್ಟೆ.

೨. ಹಿತ್ತಲದಾಗ

ಜಾಲಹಳ್ಳಿ ಮಾವ ಬಂದವ್ನ ಹೇಳಿದ: "ಅರ್ಥಿಂಗ್ ಒಣಗ್ಯದ. ಹಿತ್ತಲದಾಗ ಹುಗದಿದ್ದ ಕಬ್ಬಿಣದ ರಾಡಿಗೆ ದಿನಾ ಉಪ್ಪುನೀರು ಹಾಕ್ರಿ."

"ನಾ ಹಾಕ್ತೀನಿ ಬಿಡು," ಅಂದ್ಲು ಅಜ್ಜಿ. ಗುಂಯ್ ಖರೇನ ಬಂದ್ ಆತು. ಆದ್ರ ಹಿತ್ತಲಕ್ಕ ಹೋಗಿ ನೋಡಿ ದಂಗಾದೆ. ರಾಡಿಗೆ ಅರಿಷಿಣ, ಕುಂಕುಮ, ಮ್ಯಾಲೊಂದು ಕಣಗಿಲ ಹೂವ. ಬಾಜು ಮನಿ ಆಂಟಿ ಕೈ ಮುಗದು ನಿಂತಿದ್ರು.

"ಇದು ಯಾವ ದೇವರ್ರೀ?"

ಅಜ್ಜಿ ಅಂದ್ಲು, "ಕರೆಂಟಿಂದು. ಮುಟ್ಟಬ್ಯಾಡ್ರಿ, ಭಾಳ ಸಿಟ್ಟಿಂದದ."

೩. ಖಾಲಿ ಖೋಲಿ

ಇನ್ನೂ ಸಣ್ಣಗ ಸುಯ್ ಅಂತಿತ್ತು. ಸದ್ದು ತಗಿಯೋ ಸಾಫ್ಟ್‌ವೇರಿಗೆ ಮೊದಲು ಬರೇ ಖೋಲಿ ಸದ್ದು ಕೇಳಸಬೇಕಂತ, ಆಮ್ಯಾಲೆ ಅಷ್ಟನ್ನೇ ಕಳೀತದ. ನನ್ನ ಉಸಿರೂ ಬರಬಾರದಂತ ರೆಕಾರ್ಡ್ ಒತ್ತಿ ಹೊರಗ ಹೋದೆ. ಆಮ್ಯಾಲೆ ಬಂದು ಕತಿ ಇನ್ನೊಂದು ಫೈಲಿನಾಗ ಓದಿದೆ. ನನ್ನ ದನಿ ಕೇಳಾಕ ನನಗ ನಾಚಿಕಿ. ಕೇಳದನ ಕಳಿಸಿದೆ. ಸಾಲ್ಯಾಗ ಪ್ರಾರ್ಥನಾ ಆದಮ್ಯಾಲೆ ಸರೂ ಕೇಳದನ ಸ್ಪೀಕರಿಗೆ ಹಚ್ಚಿದ್ರು.

ಅಜ್ಜಿ ದನಿ ಬಂತು.

ಕತಿ ಫೈಲಿನ ಬದಲಿ ನಾ ಕಳಿಸಿದ್ದು ಖಾಲಿ ಖೋಲಿ ಫೈಲು. ಅಜ್ಜಿ ಮಾನ್ವಿ ಅತ್ತಿ ಜೋಡಿ ದಿನಾ ಅದೇ ಕಂಪ್ಯೂಟರಿನಾಗ ವಿಡಿಯೋ ಕಾಲ್ ಹಚ್ಚಿ ಮಾತಾಡ್ತಾಳ. ನಾ ಹೊರಗ ಹೋದಾಗ ಮೈಕಿನ ದೀಪ ಹತ್ತಿದ್ದು ನೋಡಿ ಮಗಳು ಲೈನಿನ್ಯಾಗ ಅದಾಳಂತ ಕುಂತುಬಿಟ್ಟಾಳ.

"ನಿನ್ನ ಮಾರಿ ಯಾಕ ಕಾಣವಲ್ದು? ಇರಲಿ, ಕೇಳಿಲ್ಲಿ. ನಮ್ಮ ಹುಡುಗಿ ಸಾಲ್ಯಾಗ ಬಾಯಿ ಬಿಡಂಗಿಲ್ಲಂತ. ಮನ್ಯಾಗ ನೋಡಬೇಕು ನೀ. ಆ ಕನ್ನಡ ಸರ್ ಇದ್ದ ನಾಕು ಕೂದಲಾ ಹೆಂಗ ಸವರಕೋತಾರಂತ ಮಾಡಿ ತೋರಸ್ತಾಳ, ನಕ್ಕು ನಕ್ಕು ಹೊಟ್ಟಿ ನೋಯ್ತದ."

ಸಾಲಿ ಪೂರ್ತಿ ಸರ್ ಕಡೆ ತಿರುಗ್ತು. ಸರ್ ಕೈ ಆಗಲೇ ತಲಿ ಕಡೆ ಅರ್ಧ ಹೋಗಿತ್ತು, ಅಲ್ಲೇ ನಿಂತ್ತು.

"ರೆಕಾರ್ಡಿಂಗ್ ಭಾಳ ಸ್ವಚ್ಛ ಅದ," ಅಂದ್ರು. "ಆದ್ರೂ ಸ್ಟೇಜಿಗೆ ಬಾರವಾ. ಕತಿ ಆಮ್ಯಾಲೆ ಓದೀಯಂತ. ಮೊದಲು ಅದನ್ನ ಮಾಡಿ ತೋರಸು."