ಅತ್ತೆಯ ಬಿಳಿ ರಕ್ತಕಣ ಪುರಾಣ

ನಮ್ಮ ಸೋದರತ್ತೆಗೆ ತಲೆ ಸರಿಯಿಲ್ಲ ಎಂದು ವೆಸ್ಟ್ ಮಾಂಬಲಂನ ನಮ್ಮ ಬೀದಿಯವರೆಲ್ಲ ನಂಬಿದ್ದಾರೆ. ನಾನು ಒಪ್ಪುವುದಿಲ್ಲ. ತಲೆ ಸರಿಯಿಲ್ಲದವರಿಗೆ ಇಷ್ಟೊಂದು ಗೊತ್ತಿರುವುದುಂಟೇ?

ಅತ್ತೆ ರೈಲ್ವೆ ಟಿಕೆಟ್ ಕೌಂಟರಿನಿಂದ ನಿವೃತ್ತಳಾದವಳು. ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ, ಪಕ್ಕದ ಮನೆಗೆ ಹೆಪ್ಪಿಗೆ ಮಜ್ಜಿಗೆ ಕೊಡುವಷ್ಟು ಸಲೀಸಾಗಿ "ನಂದೊಂದು ತಗೋ" ಎಂದುಬಿಟ್ಟಳು. ಡಾಕ್ಟರು ಮಾತ್ರ ಎಚ್ಚರಿಸಿದರು, ದೇಹವು ಅದನ್ನು ಪರಕೀಯವೆಂದು ತಿರಸ್ಕರಿಸಬಹುದು ಎಂದು.

"ಪರಕೀಯ ಅಂತ ಅದಕ್ಕೆ ಹೇಳೋರ್ಯಾರು?" ಅತ್ತೆ ಬಿಡುವವಳೇ!

ಡಾಕ್ಟರು ಚೀಟಿಯ ಹಿಂದೆ ಚಿತ್ರ ಬರೆದರು. ಡೆಂಡ್ರಿಟಿಕ್ ಎಂಬ, ಮೈತುಂಬ ಕೊಂಬೆಗಳಿರುವ ಬಿಳಿ ರಕ್ತಕಣವೊಂದು ಪರಕೀಯ ಪ್ರೋಟೀನನ್ನು ನುಂಗಿ, ತುಂಡರಿಸಿ, ಒಂದು ಚೂರನ್ನು ತನ್ನ ಮೈಮೇಲೆ ಎತ್ತಿ ಹಿಡಿಯುತ್ತದೆ. ಆ ಚೂರಿಗೆ ಹೊಂದುವ, ಟಿ ಎಂಬ ಇನ್ನೊಂದು ಬಿಳಿ ರಕ್ತಕಣ ಅದನ್ನು ಕಂಡು ಎಚ್ಚೆತ್ತು ದಾಳಿಗೆ ಹೊರಡುತ್ತದೆ.

"ತೋರಿಸದೇ ಇದ್ರೆ?"

"ಟಿ ಕಣ ಸುಮ್ಮನಿರತ್ತೆ ಅಮ್ಮಾ."

"ಹಾಗಾದ್ರೆ ತಪ್ಪೆಲ್ಲ ಆ ಚಾಡಿಕೋರಂದೇ!"

"ನಮ್ಮನ್ನ ಸೋಂಕಿನಿಂದ ಕಾಪಾಡೋದೂ ಅದೇ ಚಾಡಿಕೋರ" ಎಂದು ಡಾಕ್ಟರು ನಕ್ಕರು.

ಅಂದಿನಿಂದ ಶುರುವಾಯಿತು ಅತ್ತೆಯ ಪುರಾಣ! ಹನ್ನೆರಡನೇ ತರಗತಿಯ ಜೀವಶಾಸ್ತ್ರ ಪುಸ್ತಕ ತಂದು ಕೆಂಪು ಪೆನ್ನಿನಲ್ಲಿ ಗೆರೆ ಎಳೆದಳು. ಓದಿದ್ದನ್ನು ಬೀದಿಗೆಲ್ಲ ಹಂಚಿದಳು. ಸೊಪ್ಪು ಮಾರುವವಳು ಬುಟ್ಟಿ ಇಳಿಸಿ ಪೂರ್ತಿ ಪಾಠ ಕೇಳಿದಳು.

"ನೀಂಗ ಡಾಕ್ಟರಾ ಅಕ್ಕಾ?" ಎಂದು ತಮಿಳಿನಲ್ಲೇ ಕೇಳಿದಳು.

"ಇಲ್ಲಮ್ಮಾ, ರೈಲ್ವೇಸ್!"

ಅಂಗದಾನದ ಕಾನೂನಿನಲ್ಲಿ ಹತ್ತಿರದ ಸಂಬಂಧಿಗಳ ಪಟ್ಟಿಯಲ್ಲಿ ಸೋದರತ್ತೆ ಇಲ್ಲವಂತೆ. ಹಾಗಾಗಿ ಇಬ್ಬರೂ ಒಂದು ಸಮಿತಿಯ ಮುಂದೆ ಕೂತೆವು.

"ಇದರಲ್ಲಿ ಯಾರದಾದರೂ ಒತ್ತಾಯ ಇದೆಯಾ?" ಎಂದು ಕೇಳಿದರು.

"ಇದೆ ಸಾರ್" ಎಂದಳು ಅತ್ತೆ. ನಾನು ಅವಳ ಸೆರಗು ಜಗ್ಗಿದೆ. "ಇವಳು ಬೇಡ ಬೇಡ ಅಂತಾಳೆ. ನಾನೇ ತಗೋ ಅಂತ ಒತ್ತಾಯ ಮಾಡ್ತಿರೋದು!"

ಅಷ್ಟಕ್ಕೇ ನಿಲ್ಲಿಸಿದಳೇ? ಟಿ ಕಣಗಳನ್ನು ಮಾತ್ರೆಗಳು ಹೇಗೆ ತಣ್ಣಗಿಡುತ್ತವೆ, ತನ್ನ ಸೋದರಸೊಸೆ ಅವನ್ನು ಜೀವನಪೂರ್ತಿ ಯಾಕೆ ನುಂಗಬೇಕು ಎಂದು ಹತ್ತು ನಿಮಿಷ ವಿವರಿಸಿದಳು. ಎದುರಿಗಿದ್ದ ದೊಡ್ಡ ಡಾಕ್ಟರು ಪೆನ್ನು ಕೆಳಗಿಟ್ಟು ಕೇಳಿದರು. ಕೊನೆಗೆ, "ನನ್ನ ವಿದ್ಯಾರ್ಥಿಗಳೂ ಇಷ್ಟು ಚೆನ್ನಾಗಿ ಹೇಳಲ್ಲ" ಎಂದರು. ನಾನು ಕುರ್ಚಿಯಲ್ಲಿ ಒಂದು ಗೇಣು ಎತ್ತರವಾದೆ!

ಅನುಮತಿ ಸಿಕ್ಕಿತು, ಆಪರೇಷನ್ ಆಯಿತು. ಮೂರನೆಯ ದಿನ ಮುಖಕ್ಕೆ ಮಾಸ್ಕ್ ಹಾಕಿಸಿ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ನನ್ನ ಬಳಿಗೆ ಕರೆತಂದರು. ಡಾಕ್ಟರು ಉತ್ಸಾಹದಿಂದ ರಕ್ತಪರೀಕ್ಷೆಯ ವಿವರ ಹೇಳತೊಡಗಿದರು. ಅವಳು ಕೇಳಿಸಿಕೊಳ್ಳಲೇ ಇಲ್ಲ. ಮಂಚದ ಪಕ್ಕ ತುಂಬಿಕೊಂಡು ತೂಗುತ್ತಿದ್ದ ಮೂತ್ರದ ಚೀಲವನ್ನೇ ನೋಡುತ್ತಿದ್ದಳು. ಆಮೇಲೆ ಹೊಲಿಗೆಯ ನೋವು ನುಂಗಿ ಬಾಗಿ, ಮೂವತ್ತೈದು ದಾಟಿದ ನನ್ನ ತಲೆ ಸವರಿದಳು.

"ಉಚ್ಚೆ ಹೊಯ್ದ್ಯಾ, ನನ್ನ ಬಂಗಾರಾ?"