ಕುಶಲ ಕೇಳುವ ಕುದುರೆ

ನನ್ನ ಭಾವನವರಿಗೆ ಸ್ವಂತ ಮಕ್ಕಳ ಹುಟ್ಟಿದ ದಿನ ನೆನಪಿರುವುದಿಲ್ಲ. ಕುದುರೆಗೆ ಹಾಲುಹಲ್ಲು ಬಿದ್ದ ದಿನ ಮಾತ್ರ ವಾರ, ತಿಥಿ, ನಕ್ಷತ್ರ ಸಮೇತ ನೆನಪಿದೆ! ಇಂಥವರಿಗೆ ನನ್ನ ಅಕ್ಕನನ್ನು ಕೊಟ್ಟರಲ್ಲ, ನಮ್ಮ ಹಿರಿಯರು ಯಾರ ಜಾತಕ ನೋಡಿದ್ದರೋ! ಬಹುಶಃ ಕುದುರೆಯದ್ದೇ ಇರಬೇಕು.

ಪೊಲೀಸ್ ಇಲಾಖೆಯ ಕುದುರೆ ದಳದಲ್ಲಿ ಇಡೀ ಸರ್ವಿಸು ಮುಗಿಸಿ ಅವರು ಕೂಡ್ಲಿಗಿಗೆ ವಾಪಸ್ಸು ಬಂದದ್ದು ತೊಂಬತ್ತರ ದಶಕದ ಕೊನೆಗೆ. ಮನೆಯಲ್ಲಿ ಸುಮ್ಮನೆ ಕೂರುವ ಗಂಡನನ್ನು ನೋಡಲಾರದೆ ಅಕ್ಕ ಎಮ್ಮೆ ತರಲು ಹೊಸಹಳ್ಳಿ ಕಡೆ ಕಳಿಸಿದಳು. ಅಲ್ಲಿ ಕುರಿ ಮೇಯಿಸುವವರ ಹತ್ತಿರ ಪಾತ್ರೆಪಗಡ, ಎಳೆಮರಿಗಳನ್ನು ಹೊರಲು ಸಾಕಿದ್ದ ಕುದುರೆಗಳಿದ್ದವು. ಸಂಜೆ ಭಾವ ಒಂದು ಬಡಕಲು ಹೆಣ್ಣು ಕುದುರೆಮರಿಯ ಹಗ್ಗ ಹಿಡಿದುಕೊಂಡು ಅಂಗಳಕ್ಕೆ ಬಂದರು.

"ಎಮ್ಮಿ ತರ್ರಿ ಅಂದ್ರ ಇದೇನ್ರಿ ಇದು? ಹಾಲು ಕೊಡತೈತೇನು?" ಅಂದಳು ಅಕ್ಕ.

"ಲದ್ದಿ ಕೊಡತೈತಿ" ಅಂದರು ಭಾವ, ಬಹಳ ಸಮಾಧಾನದಿಂದ.

ಆ ಮಾತನ್ನು ಮರಿ ಚೆನ್ನಾಗಿಯೇ ಉಳಿಸಿಕೊಂಡಿತು. ಎರಡು ವರ್ಷದಲ್ಲಿ ಮೈ ತುಂಬಿಕೊಂಡು ಎತ್ತರಕ್ಕೆ ಬೆಳೆಯಿತು. ಭಾವ ಬೆನ್ನಿಗೆ ಜೀನು ಬಿಗಿದು ತಾಲೀಮು ಶುರುಮಾಡಿದರು. ಹೊಲದ ಬದು, ಜಾಲಿ ದಿಮ್ಮಿ, ಮುರಿದ ಚಕ್ಕಡಿಯ ನೊಗ, ಎಲ್ಲವನ್ನೂ ಅದು ಹಾರತೊಡಗಿತು. ಒಮ್ಮೆ ಅಕ್ಕ ಒಣಗಲು ಹಾಕಿದ್ದ ಶಾವಿಗೆಯನ್ನೂ ಹಾರಿತು, ಪೂರ್ತಿ ಹಾರಲಿಲ್ಲ ಅಷ್ಟೆ.

ತಾಲೀಮಿನಲ್ಲಿ ಒಂದೇ ತೊಡಕು. ನಮ್ಮ ಕಡೆ ದಾರಿಯಲ್ಲಿ ಯಾರಾದರೂ ಕೂತಿದ್ದರೆ ಮಾತಾಡಿಸದೆ ಮುಂದೆ ಹೋಗುವಂತಿಲ್ಲ. ನಡೆದು ಹೋಗುವವರಿಗೇ ಈ ಕಟ್ಟಳೆ ಇರುವಾಗ ಕುದುರೆ ಮೇಲೆ ಹೋಗುವವರ ಗತಿಯೇನು? "ಮ್ಯಾಲೆ ಕುಂತಾನಂತ ಸೊಕ್ಕು ಬಂತು ಅಂತಾರಲೇ" ಎಂದು ಭಾವ ಕಟ್ಟೆ, ಚಹದಂಗಡಿ, ಬಸ್‌ಸ್ಟ್ಯಾಂಡು, ಕುರ್ಚಿಯೋ ಕಲ್ಲೋ ಯಾವುದರ ಮೇಲೆ ಯಾರು ಕೂತಿದ್ದರೂ ಲಗಾಮು ಎಳೆದು, "ಆರಾಮ್ರಿ? ಊಟ ಆತ್ರಿ?" ಎಂದು ವಿಚಾರಿಸುತ್ತಿದ್ದರು. ಊರು ದಾಟುವ ಹೊತ್ತಿಗೆ ಬಿಸಿಲೇರುತ್ತಿತ್ತು. ನಾನು ತಾಲ್ಲೂಕು ಕಚೇರಿಗೆ ಹೋಗುವಾಗ ಇನ್ನೂ ಯಾರದ್ದೋ ಮೊಣಕಾಲು ನೋವಿನ ವಿಚಾರಣೆ ನಡೆದಿರುತ್ತಿತ್ತು.

ಅಷ್ಟರಲ್ಲಿ ಕೊಟ್ಟೂರಿನ ಬ್ಯಾಂಡ್ ಸೆಟ್ಟಿನ ಯಜಮಾನನ ಕಣ್ಣು ಕುದುರೆ ಮೇಲೆ ಬಿತ್ತು. ಮದುವೆ ಮೆರವಣಿಗೆಗೆ ಬೇಕಂತೆ. ಮೇವು ಹಾಕಿ, ಲದ್ದಿ ಬಾಚಿ ಸೋತಿದ್ದ ಅಕ್ಕ ತಕ್ಷಣ ಹೂಂ ಅಂದಳು. ಅದೇ ವಾರ ಬೆಂಗಳೂರಿನ ಸವಾರಿ ಶಾಲೆಯೊಂದರಲ್ಲಿ ಎಳೆಯ ಕುದುರೆಗಳಿಗೆ ಸ್ಪರ್ಧೆಯಿದೆಯೆಂದು ಭಾವನ ಹಳೆಯ ಸಹೋದ್ಯೋಗಿ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ಹೇಳಿದರು. ಮೂರು ದಿನ, ಮೂರು ಪರೀಕ್ಷೆ: ಮೊದಲು ಅಂಕಣದಲ್ಲಿ ಶಿಸ್ತಿನ ನಡಿಗೆ, ಆಮೇಲೆ ಬಯಲಲ್ಲಿ ದಿಮ್ಮಿ, ಹಳ್ಳ ಹಾರುವ ಓಟ, ಕೊನೆಗೆ ಮೈದಾನದಲ್ಲಿ ಕಂಬಿ ಹಾರುವುದು. ಭಾವ ಅಂಗಲಾಚಿದರು. ಅಕ್ಕ ತೀರ್ಪು ಕೊಟ್ಟಳು.

"ಮೂರೂ ಮುಗಿಸಿ ಬಂದ್ರ ಕುದುರಿ ನಮ್ಮ ಮನ್ಯಾಗ ಇರತೈತಿ. ಒಂದು ತಪ್ಪಿದ್ರೂ ಕೊಟ್ಟೂರಿಗೆ. ನೋಡಾಕ ನಾನೂ ಬರತೀನಿ!"

ಶೇಂಗಾ ಲಾರಿಯಲ್ಲಿ ಕುದುರೆ, ಭಾವ. ಬಸ್ಸಿನಲ್ಲಿ ಅಕ್ಕ, ನಾನು, ಒಂದು ಗಂಟು ರೊಟ್ಟಿ. ಅಲ್ಲಿ ನೋಡಿದರೆ ಜಡೆ ಹೆಣೆಸಿಕೊಂಡ ಕುದುರೆಗಳು, ಅವುಗಳ ಜೊತೆಯೂ ಇಂಗ್ಲಿಷ್ ಮಾತಾಡುವ ಸವಾರರು! ನಮ್ಮದು ಮೈಮೇಲಿನ ಶೇಂಗಾ ಹೊಟ್ಟು ಕೊಡವಿಕೊಂಡು ನಿಂತಿತು.

ಮೊದಲ ದಿನ ಅಂಕಣದ ನಡುವೆ ನಿಂತು ತೀರ್ಪುಗಾರರಿಗೆ ವಂದಿಸಬೇಕು. ಉಳಿದ ಮರಿಗಳು ನಿಲ್ಲಲೊಲ್ಲದೆ ಕುಣಿದವು. ನಮ್ಮದು ಕುರ್ಚಿಯಲ್ಲಿ ಕೂತ ಯಜಮಾನರನ್ನು ಕಂಡದ್ದೇ ಕಲ್ಲಿನಂತೆ ನಿಂತಿತು! ಜನ ಚಪ್ಪಾಳೆ ತಟ್ಟಿದರು. ಸವಾರ ಬಾಯಿ ಬಿಡಬಾರದೆಂದು ನಿಯಮ. ಆದರೆ ಭಾವ ಸೆಲ್ಯೂಟ್ ಹೊಡೆದು, "ಆರಾಮ್ರಿ?" ಅಂದೇಬಿಟ್ಟರು. ಅಂಕ ಕಡಿತವಾಯಿತು.

ಎರಡನೆಯ ದಿನದ ಕಥೆ ಏನು ಹೇಳಲಿ! ಬಯಲಿನ ಪ್ರತಿ ಅಡೆತಡೆಯ ಪಕ್ಕದಲ್ಲೂ ಒಬ್ಬ ಪರೀಕ್ಷಕರು ಛತ್ರಿ ಹಿಡಿದು ಕುರ್ಚಿಯಲ್ಲಿ ಕೂತಿದ್ದರು. ಕುದುರೆ ಓಡೋಡಿ ಬಂದು ಮೊದಲನೆಯವರ ಮುಂದೆ ನಿಂತಿತು. ಭಾವ ಹಿಮ್ಮಡಿ ತಾಗಿಸಿದರು, ಅಲುಗಲಿಲ್ಲ. ಬೇರೆ ದಾರಿ ಕಾಣದೆ, "ಊಟ ಆತ್ರಿ?" ಅಂದರು. ಕುದುರೆ ಬಾಣದ ಹಾಗೆ ಹೋಗಿ ದಿಮ್ಮಿ ಹಾರಿತು! ಮುಂದಿನ ಕುರ್ಚಿಗೂ ಅದೇ, ಅದರ ಮುಂದಿನದಕ್ಕೂ ಅದೇ. ಹಾರಲು ಮೂರು ಸಲ ಒಲ್ಲೆನೆಂದರೆ ಹೊರಹಾಕುತ್ತಾರೆ ನಿಜ. ಆದರೆ ಇದು ಹತ್ತು ಹೆಜ್ಜೆ ಈಚೆಗೇ ನಿಂತು ಕುಶಲ ವಿಚಾರಿಸಿ ಆಮೇಲೆ ಹಾರುತ್ತಿತ್ತು. ಇದನ್ನು ಯಾವ ಕಲಮಿಗೆ ಸೇರಿಸಬೇಕೋ ಪಾಪ ಅವರಿಗೂ ತಿಳಿಯಲಿಲ್ಲ. ಎಲ್ಲರಿಗಿಂತ ಕೊನೆಗೆ ಬಂದರೂ ಎರಡನೆಯ ಪರೀಕ್ಷೆ ಮುಗಿಯಿತು. ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು; ನಗುತ್ತಿದ್ದಳೋ ಬಯ್ಯುತ್ತಿದ್ದಳೋ ಗೊತ್ತಾಗಲಿಲ್ಲ.

ಇನ್ನು ಉಳಿದದ್ದು ಎಂಟು ಕಂಬಿ. ಎಷ್ಟು ಬೀಳಿಸಿದರೂ ಸರಿ, ದಾಟಿ ಮುಗಿಸಿದರೆ ಕುದುರೆ ಮನೆಯದು. ಬೆಳಿಗ್ಗೆ ಡಾಕ್ಟರರು ಪರೀಕ್ಷಿಸಿ ಸರಿಯಿದೆ ಅಂದರು. ಭಾವ ನಾಲ್ಕು ಸುತ್ತು ಓಡಿಸಿದರು. ಐದನೆಯ ಸುತ್ತಿಗೆ ಇಳಿದುಬಿಟ್ಟರು. ಮಂಡಿಯೂರಿ ಮುಂಗಾಲನ್ನು ಬಹಳ ಹೊತ್ತು ಹಿಡಿದುಕೊಂಡು ಕೂತರು. ಮೈಕಿನಲ್ಲಿ ಅವರನ್ನೇ ಕರೆಯುತ್ತಿದ್ದರು.

"ನಾವು ಓಡಂಗಿಲ್ರಿ" ಅಂದರು ಭಾವ.

ಡಾಕ್ಟರರು ಮತ್ತೆ ನೋಡಿ, ಏನೂ ಕಾಣುತ್ತಿಲ್ಲವಲ್ಲ ಎಂದರು.

"ನಿಮಗ ಕಾಣಂಗಿಲ್ರಿ. ಕೂಸು ಇದು, ನೋವು ಹೇಳಾಕ ಬರಂಗಿಲ್ಲ."

ಕುದುರೆಯನ್ನು ನಡೆಸಿಕೊಂಡು ನಮ್ಮ ಹತ್ತಿರ ಬಂದರು. "ಕೊಟ್ಟೂರಿಗೆ ಫೋನ್ ಮಾಡಿಸು" ಎಂದರು ಅಕ್ಕನಿಗೆ. ಆ ಮುಖ ನೋಡಲಾಗದೆ ನಾನು ಬೇರೆ ಕಡೆ ತಿರುಗಿದೆ. ಎರಡು ವರ್ಷ ಕುದುರೆಯನ್ನು ಕೈಯಿಂದ ಮುಟ್ಟಿರದ ಅಕ್ಕ ಕೆಳಗೆ ಕೂತು ಕಾಲಿನ ಮೇಲೆ ಅಂಗೈ ಇಟ್ಟಳು. "ಬೆಚ್ಚಗೈತಿ, ನೀರು ತರ್ರಿ" ಎಂದು ನನ್ನ ಟವೆಲ್ಲು ಕಸಿದುಕೊಂಡಳು.

ಕಾಲು ಹದಿನೈದೇ ದಿನದಲ್ಲಿ ವಾಸಿಯಾಯಿತು. ಮುಂದಿನ ತಿಂಗಳು ಬ್ಯಾಂಡಿನ ಯಜಮಾನ ಬಂದ. ಹಿತ್ತಲಲ್ಲಿ ಕುದುರೆ ನೀರಿನ ತೊಟ್ಟಿಯನ್ನು ಅತ್ತಿಂದಿತ್ತ ಹಾರುತ್ತಿತ್ತು.

"ಇನ್ನೂ ವಾಸಿಯಾಗಿಲ್ರಿ" ಎಂದಳು ಅಕ್ಕ.

"ಹಾರಾಕತ್ತೈತಲ್ರಿ ಅಕ್ಕಾರ!"

"ನಿಮಗ ಕಾಣಂಗಿಲ್ರಿ."

ಆತ ವರ್ಷಕ್ಕೊಮ್ಮೆ ಮದುವೆಯ ಕಾಲಕ್ಕೆ ಬರುತ್ತಲೇ ಇದ್ದ. ಅಕ್ಕ ಏಳು ವರ್ಷ ಅದನ್ನೇ ಹೇಳಿದಳು. ಆ ಮೊದಲ ಸಲ ಒಳಗೆ ಕೂತಿದ್ದ ಭಾವ ಪೇಪರನ್ನು ಮುಖಕ್ಕೆ ಅಡ್ಡ ಹಿಡಿದರು. ನಾನು ಎದುರಿಗೇ ಇದ್ದೆ. ಹೆಗಲ ಟವೆಲ್ಲಿನ ತುದಿ ಪೇಪರಿನ ಹಿಂದಕ್ಕೆ ಹೋಗಿ ಬರುತ್ತಿತ್ತು. ಅವರು ಅಳುತ್ತಿದ್ದರು.