ಕರೆಯದ ಬಸ್ಸಿಗೆ ಕಾದದ್ದು

ಬಸ್ಸನ್ನು ನಾವು ಹುಡುಕಬೇಕು ಎಂಬುದು ನನಗೆ ಐವತ್ತು ದಾಟಿದ ಮೇಲೆ ತಿಳಿದ ಸಂಗತಿ. ನಮ್ಮ ಕುಂದಾಪುರದ ಕಡೆ ಬಸ್ಸೇ ನಮ್ಮನ್ನು ಹುಡುಕಿಕೊಂಡು ಬರುತ್ತದೆ. ಕುಂಭಾಶಿಯ ಹೆದ್ದಾರಿ ಬದಿಯಲ್ಲಿ ಸುಮ್ಮನೆ ಗಾಳಿಗೆ ನಿಂತರೂ ಕಂಡಕ್ಟರ್ ಬಾಗಿಲಲ್ಲಿ ನೇತಾಡುತ್ತಾ, "ಹ್ವಾಯ್, ಬತ್ರಿಯಾ?" ಎನ್ನುತ್ತಾನೆ. ಬರುವುದಿಲ್ಲ ಎಂದರೆ ಅವನಿಗೇ ಬೇಜಾರು. ನಂಬರು ನೋಡಿ ಬಸ್ಸು ಹತ್ತಿದವರನ್ನು ನಾನಂತೂ ಕಂಡಿಲ್ಲ. ಇಳಿಯುವ ಜಾಗ ಹೇಳಿ ನಿದ್ದೆ ಹೋದರೆ, ಎಬ್ಬಿಸಿ ಇಳಿಸುವುದು ಅವನ ಜವಾಬ್ದಾರಿ.

ಇದೇ ಸಂಸ್ಕಾರ ಹೊತ್ತುಕೊಂಡು ಅಕ್ಕನ ಮಗಳ ನಿಶ್ಚಿತಾರ್ಥಕ್ಕೆ ಬೆಂಗಳೂರಿಗೆ ಹೋದೆ. ಕೈಯಲ್ಲಿ ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ. "ಊರಿನ ಮಲ್ಲಿಗೆ ಬರ್ದೆ ನಾ ಶಾಸ್ತ್ರಕ್ಕೆ ಕೂಕಂತಿಲ್ಲೆ ಮಾವ" ಎಂದು ಹುಡುಗಿ ಫೋನಿನಲ್ಲೇ ಹೇಳಿಬಿಟ್ಟಿದ್ದಳು. ಮನೆ ದೇವಸ್ಥಾನದ ಸ್ಟಾಪಿನ ಹತ್ತಿರ, ಆಟೋ ಮಾಡಿಕೊಂಡು ಬನ್ನಿ ಎಂದೂ ಹೇಳಿದ್ದಳು. ಬಸ್ಸಿನ ಊರಿನವನಿಗೆ ಆಟೋ ಯಾಕೆ ಎಂದು ನಾನು ನಕ್ಕಿದ್ದೆ.

ನಿಲ್ದಾಣದಲ್ಲಿ ಬಸ್ಸುಗಳು ಬಂದವು, ಹೋದವು. ಒಬ್ಬನೂ ಕೂಗಲಿಲ್ಲ. ಕರೆಯದ ಮನೆಗೆ ಊಟಕ್ಕೆ ಹೋದ ಹಾಗೆ ಹತ್ತುವುದು ಹೇಗೆ? ಬಿಗುಮಾನ ಅಡ್ಡ ಬಂತು. ಹೂವು ಬಾಡೀತೆಂಬ ಹೆದರಿಕೆಗೆ ಕೊನೆಗೆ ಅವರಿವರನ್ನು ಕೇಳಿ ಒಂದನ್ನು ಹತ್ತಿದೆ. "ದೇವಸ್ಥಾನದ ಸ್ಟಾಪು ಬಂದಾಗ ಹೇಳಿ" ಎಂದು ಕಂಡಕ್ಟರಿಗೆ ವಹಿಸಿ ನೆಮ್ಮದಿಯಾಗಿ ಕಣ್ಣು ಮುಚ್ಚಿದೆ. ಅವನು ಎಬ್ಬಿಸಿದ್ದು ಹೌದು, ಕೊನೆಯ ನಿಲ್ದಾಣದಲ್ಲಿ.

"ಸ್ಟಾಪು ಬಂದಾಗ ಕೂಗಿದ್ನಲ್ಲ ಸ್ವಾಮಿ. ಇದೇ ಬಸ್ಸು ವಾಪಸ್ ಹೋಗುತ್ತೆ, ಕೂತಿರಿ" ಎಂದ. ಕೂಗುವುದನ್ನೇ ಕಾಯುತ್ತಿದ್ದವನು ಕೂಗಿದಾಗ ಗೊರಕೆ ಹೊಡೆಯುತ್ತಿದ್ದೆ.

ಅಷ್ಟರಲ್ಲಿ ಹುಡುಗಿಯ ಫೋನು. ಸ್ಟಾಪು ದಾಟಿ ಬಂದದ್ದನ್ನು ಹೇಳಿದೆ. "ಗಂಡಿನ್ ಕಡಿಯವ್ರ್ ಬಂದಾಯ್ತ್. ನಾನೇ ಸ್ಟಾಪಿಗ್ ಬತ್ತೆ, ನೀವ್ ಇನ್ನೊಂದ್ ಸಲ ದಾಟಿ ಹೋಪುದ್ ಬ್ಯಾಡ." ನಾಚಿಕೆಯಿಂದ ನನಗೆ ಅಳು ಬರುವುದೊಂದು ಬಾಕಿ. ವಾಪಸ್ ಬರುವಾಗ ರೆಪ್ಪೆ ಮಿಟುಕಿಸಲಿಲ್ಲ.

ರೇಷ್ಮೆ ಸೀರೆಯುಟ್ಟು ಅವಳು ಸ್ಟಾಪಿನಲ್ಲಿ ನಿಂತಿದ್ದಳು. ಇಳಿದು ಪೊಟ್ಟಣ ಕೊಟ್ಟೆ. ಪುಣ್ಯಕ್ಕೆ ಹೂವು ಬಾಡಿರಲಿಲ್ಲ. ಅಲ್ಲೇ ಬಿಚ್ಚಿ, ಬಸ್ಸಿನ ಗಾಜು ನೋಡಿಕೊಂಡು ಮುಡಿಯತೊಡಗಿದಳು. ಬಸ್ಸು ಅಲ್ಲಾಡಲಿಲ್ಲ. ಪಿನ್ನು ಒಂದೊಂದಾಗಿ ಸಿಕ್ಕಿಸಿ ಮುಗಿಸುವವರೆಗೂ ನಿಂತೇ ಇತ್ತು. ನನಗೆ ಎದೆ ತುಂಬಿ ಬಂತು. ಕಂಡಕ್ಟರಿಗೆ ಕೈ ಮುಗಿದು, "ಕಂಡ್ಯಾ ಹೆಣ್ಣೇ, ಕರೀದಿದ್ರೂ ಕಾಯೂಕ್ ಗೊತ್ತಿತ್ ಇವ್ರಿಗೆ" ಎಂದೆ.

"ಸಿಗ್ನಲ್ ಕೆಂಪ್ ಇತ್ ಮಾವ" ಎಂದಳು.

ಬಸ್ಸು ಹೊರಟಿತು. ಮುಗಿದ ಕೈಯನ್ನು ಏಕಾಏಕಿ ಇಳಿಸುವುದು ಸರಿಯಲ್ಲವೆಂದು, ಹಾಗೆಯೇ ದೇವಸ್ಥಾನದ ಕಡೆಗೆ ತಿರುಗಿಸಿದೆ.